ಇಳಿದಾಗ ಮಾರದ ಮನೆ

"ಅದೆಲ್ಲಾ ಖರೆ. ಆದ್ರ ಇದನ್ನ ತಿನ್ನಾವ್ರು ಯಾರು?" ಎಂದು ರುಕ್ಮವ್ವ ಕೇಳಿದಳು.

ಮಗ ಬಾಬಾಸಾಹೇಬ ರೊಟ್ಟಿ ಮುರಿಯುವ ಕೈಯನ್ನು ಹಾಗೇ ನಿಲ್ಲಿಸಿದ. ಊಟಕ್ಕೆ ಕೂತಾಗಿನಿಂದ ಅವನು ತಾಯಿಗೆ ಕಾಯಿನ್ ಎಂದರೇನು ಎಂದು ತಿಳಿಸಿ ಹೇಳುತ್ತಿದ್ದ. ಅದು ಕೈಗೆ ಸಿಗುವ ನಾಣ್ಯವಲ್ಲ, ಎಲ್ಲ ಮೊಬೈಲಿನೊಳಗೇ ಇರುತ್ತದೆ, ಜಗತ್ತಿನ ತುಂಬ ಜನ ಕೊಳ್ಳುತ್ತಾರೆ, ಮಾರುತ್ತಾರೆ, ದರ ಹಗಲೂ ರಾತ್ರಿ ಏರಿಳಿಯುತ್ತದೆ ಎಂದೆಲ್ಲ ಹೇಳಿ, ಮೊಸರಿನ ಗಡಿಗೆಗೆ ಆನಿಸಿಟ್ಟಿದ್ದ ಮೊಬೈಲನ್ನು ಅವಳ ಕಡೆ ತಿರುಗಿಸಿ ತೋರಿಸಿಯೂ ಆಗಿತ್ತು. ರುಕ್ಮವ್ವ ಎಲ್ಲದಕ್ಕೂ ಹೂಂಗುಟ್ಟಿದ್ದಳು.

"ತಿನ್ನೂದಲ್ಲ ಬೇ, ಇಟ್ಕೊಳ್ಳೂದು."

"ಇಟ್ಕೊಂಡು?"

"ಏರಿದಾಗ ಮಾರೂದು."

"ಯಾರಿಗೆ?"

"ಬ್ಯಾರೆಯವ್ರಿಗೆ."

"ಅವ್ರರ ತಿಂತಾರೇನು?"

ಒಲೆಯ ಮುಂದೆ ಕೂತಿದ್ದ ಸೊಸೆ ಉಜ್ವಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೂ ಅದೇ ಪ್ರಶ್ನೆ ಇತ್ತು. ಆದರೆ ಆ ಮನೆಯಲ್ಲಿ ಕೆಲಸಗಳು ಹಂಚಿಹೋಗಿದ್ದವು. ಕೇಳುವುದು ಅತ್ತೆಯದು, ಬಂದ ಉತ್ತರವನ್ನು ಕೇಳಿಸಿಕೊಳ್ಳುವುದು ಸೊಸೆಯದು.

ಕಾಗವಾಡದಿಂದ ಅಥಣಿಗೆ ಹೋಗುವ ದಾರಿಯಲ್ಲಿ, ಊರಿನಿಂದ ಸ್ವಲ್ಪ ದೂರ, ತೋಟದಲ್ಲೇ ಅವರ ಮನೆ. ಅಕ್ಕಪಕ್ಕ ಇಂಥವೇ ಹತ್ತಾರು ಮನೆಗಳಿದ್ದು, ಎಲ್ಲ ಸೇರಿ ಅದಕ್ಕೆ ವಸ್ತಿ ಎನ್ನುತ್ತಾರೆ. ಒಂದಿಷ್ಟು ಕಬ್ಬು, ಉಳಿದದ್ದೆಲ್ಲ ದ್ರಾಕ್ಷಿ ತೋಟ, ಅಲ್ಲಿಯ ಮಾತಿನಲ್ಲಿ ಪಡ. ದ್ರಾಕ್ಷಿಯನ್ನು ಇವರು ಹಣ್ಣಾಗಿ ಮಾರುವವರಲ್ಲ. ಬೇಸಿಗೆಯಲ್ಲಿ ನೆರಳಿನಡಿ ಒಣಗಿಸಿ ಮಣೂಕ ಮಾಡಿ, ಪೆಟ್ಟಿಗೆ ತುಂಬಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ದರ ಬಂದಾಗ ಸಾಂಗಲಿಗೆ ಒಯ್ದು ಮಾರುವವರು. ಪಡ ರುಕ್ಮವ್ವನ ಹೆಸರಿನಲ್ಲಿದ್ದುದರಿಂದ ಸ್ಟೋರೇಜಿನ ಮಾಲೂ ಅವಳ ಹೆಸರಿನಲ್ಲೇ ಇರುತ್ತಿತ್ತು.

ದರ ಬರುವುದು ಎಂದರೆ ದೀಪಾವಳಿ. ಅದಕ್ಕೂ ಮೊದಲು ಮಾರುವವರನ್ನು ಬಾಬಾಸಾಹೇಬ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ತೀರಿಹೋದ ಅವನ ತಂದೆ ಒಂದು ವರ್ಷ, ದರ ನೆಲಕಚ್ಚಿ ಊರಿಗೆ ಊರೇ ಮಾರಿಕೊಂಡಾಗ, ತಾನೊಬ್ಬನೇ ಮಾರದೆ ಕಾದು ಕೂತು, ದೀಪಾವಳಿಗೆ ದುಪ್ಪಟ್ಟು ದರ ಪಡೆದು ಈ ಮನೆಯ ಪಡಸಾಲೆ ಕಟ್ಟಿಸಿದ್ದ. ಇಳಿದಾಗ ಮಾರಬಾರದು ಎನ್ನುವ ಮಾತನ್ನು ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುವುದೊಂದು ಬಾಕಿ ಇತ್ತು.

ಈ ಸಲದ ಮಣೂಕದಲ್ಲಿ ಉಜ್ವಲಾಳ ಆಸೆಯೊಂದು ಕೂತಿತ್ತು. ಹಿಟ್ಟಿನ ಗಿರಣಿ. ವಸ್ತಿಯ ಹೆಂಗಸರು ಜೋಳದ ಬುಟ್ಟಿ ಹೊತ್ತು ಊರೊಳಗಿನ ವಿರೂಪಾಕ್ಷಪ್ಪನ ಗಿರಣಿಗೆ ಹೋಗಬೇಕು, ಹೋದರೆ ಅವನು ಬಾಗಿಲು ಹಾಕಿಕೊಂಡು ಯಾರದೋ ಮದುವೆಗೆ ಹೋಗಿರಬೇಕು. ಮನೆ ಮುಂದಿನ ತಗಡಿನ ಷೆಡ್ಡಿನಲ್ಲಿ ಒಂದು ಗಿರಣಿ ಹಾಕಿದರೆ ಇಡೀ ವಸ್ತಿಯ ಹಿಟ್ಟು ಇಲ್ಲೇ ಬೀಸಿಹೋಗುತ್ತದೆ ಎಂದು ಅವಳು ಹೇಳುತ್ತಲೇ ಬಂದಿದ್ದಳು. ಕರೆಂಟಿನವರು ಬಂದು ನೋಡಿಕೊಂಡು ಹೋಗಿದ್ದರು. ಷೆಡ್ಡಿನಲ್ಲಿದ್ದ ಹೊಟ್ಟು, ಹಗ್ಗ, ಕೆಟ್ಟ ಪಂಪು ಎಲ್ಲ ಹೊರಹಾಕಿ ಅವಳೇ ನೆಲ ಸಾರಿಸಿಟ್ಟಿದ್ದಳು. "ದೀಪಾವಳಿಗೆ ಮಣೂಕ ಮಾರಿದ ಕೂಡ್ಲೆ ನಿನ್ನ ಗಿರಣಿ" ಎಂದು ಗಂಡ ಮಾತು ಕೊಟ್ಟಿದ್ದ. ಮದುವೆಯಾಗಿ ಬಂದಮೇಲೆ ಅವಳು ತನಗೆಂದು ಈ ಮನೆಯಲ್ಲಿ ಕೇಳಿದ್ದು ಅದೊಂದನ್ನೇ.

ಕಾಯಿನ್ ಮನೆಯೊಳಗೆ ಬಂದದ್ದು ಸಂಗ್ರಾಮನ ಅಂಗಡಿಯಿಂದ. ಸಂಗ್ರಾಮ ದ್ರಾಕ್ಷಿಗೆ ಹೊಡೆಯುವ ಔಷಧಿ ಮಾರುವವನು. ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯದಿದ್ದರೆ ಆ ಭಾಗದ ದ್ರಾಕ್ಷಿ ರೈತರಿಗೆ ತಿಂದದ್ದು ಅರಗುತ್ತಿರಲಿಲ್ಲ. "ಬಿಟ್‌ಕಾಯಿನ್ ನಮಗ ಎಟಕಂಗಿಲ್ಲ. ಇದು ಅದರ ತಮ್ಮ. ತಮ್ಮ ಯಾವಾಗ್ಲೂ ಅಣ್ಣಗಿಂತ ಜೋರ ಓಡ್ತಾನ" ಎಂದು ಸಂಗ್ರಾಮ ಹೇಳಿದ್ದನ್ನು ಬಾಬಾಸಾಹೇಬ ಮನೆಗೆ ಬಂದು ಹಾಗೇ ಒಪ್ಪಿಸಿದ. ಚಿಕ್ಕೋಡಿಯ ಒಂದು ಪತ್ತಿನ ಸೊಸೈಟಿಯಲ್ಲಿ ಕ್ಲಾರ್ಕ್ ಆಗಿದ್ದ ಮಗ ರೋಹನ ಶನಿವಾರ ಮನೆಗೆ ಬಂದಾಗ ಅಪ್ಪನ ಮೊಬೈಲಿನಲ್ಲಿ ಎಲ್ಲ ಹೊಂದಿಸಿಕೊಟ್ಟ, ತಾನೂ ಒಂದಿಷ್ಟು ತಗೊಂಡ. ಆ ವರ್ಷ ಸಕ್ಕರೆ ಕಾರ್ಖಾನೆ ಕೊಟ್ಟ ಕಬ್ಬಿನ ಬಿಲ್ಲಿನ ದುಡ್ಡು ಬಂದ ದಾರಿಯಲ್ಲೇ ಮೊಬೈಲಿನೊಳಕ್ಕೆ ಹೋಯಿತು. ಗಿರಣಿಯ ದುಡ್ಡು ಮಣೂಕದಿಂದ ಬರುವುದಾದ್ದರಿಂದ ಉಜ್ವಲಾ ಏನೂ ಹೇಳಲಿಲ್ಲ. ಹೇಳಬೇಕಿತ್ತೇನೋ ಎಂದು ಆಮೇಲೆ ಅನ್ನಿಸಿತು.

ಶ್ರಾವಣದವರೆಗೆ ದರ ಏರುತ್ತಲೇ ಇತ್ತು. ಉಜ್ವಲಾ ಒಂದು ದಿನವೂ ಮೊಬೈಲ್ ನೋಡಲಿಲ್ಲ, ನೋಡುವ ಅಗತ್ಯವೂ ಬೀಳಲಿಲ್ಲ. ಗಂಡ ಕೇಳಿ ಕೇಳಿ ರೊಟ್ಟಿ ಹಾಕಿಸಿಕೊಂಡರೆ ಏರಿದೆ ಎಂದರ್ಥ. ಇದ್ದ ರೊಟ್ಟಿಯಲ್ಲೇ ಪಲ್ಯ ಅತ್ತಿತ್ತ ಸರಿಸುತ್ತ ಕೂತರೆ ಇಳಿದಿದೆ. ಎಲ್ಲೋ ದೂರ ದೇಶದ ವ್ಯಾಪಾರ ತನ್ನ ಹಿಟ್ಟಿನ ಡಬ್ಬಿಯವರೆಗೆ ಹೇಗೆ ಬಂದು ಮುಟ್ಟುತ್ತದಲ್ಲ ಎಂದು ಅವಳಿಗೆ ಸೋಜಿಗವಾಗುತ್ತಿತ್ತು.

ಗಣಪತಿ ಹಬ್ಬ ಮುಗಿದದ್ದೇ ತಡ, ರೊಟ್ಟಿ ಉಳಿಯತೊಡಗಿದವು. ಉಳಿದ ರೊಟ್ಟಿ ತಿಂದು ಎಮ್ಮೆ ಮೈತುಂಬಿಕೊಂಡಿತು. ಬಾಬಾಸಾಹೇಬ ಎದ್ದ ಕೂಡಲೇ ಮೊಬೈಲ್, ಪಡಕ್ಕೆ ಹೋಗುವಾಗ ಮೊಬೈಲ್, ಬಳ್ಳಿಗೆ ಔಷಧಿ ಹೊಡೆಯುತ್ತ ನಡುವೆ ಸ್ಪ್ರೇ ಗನ್ನು ಕೆಳಗಿಟ್ಟು ಮೊಬೈಲ್. ಶನಿವಾರ ಬಂದ ರೋಹನ ಅಪ್ಪನ ಮುಖ ನೋಡಿಯೇ ಮಾತು ತೆಗೆದ.

"ಅಪ್ಪಾ, ನಾ ನಂದು ಹೋದ ವಾರನ ಮಾರಿ ತಗದೆ. ನೀನೂ ತಗೀ. ಉಳದಷ್ಟರ ಉಳೀಲಿ."

"ಇಳದಾಗ ಮಾರೂ ಮಂದಿ ಅಲ್ಲಪಾ ನಾವು."

"ಅದು ಮಣೂಕದ ಮಾತು."

"ಮಾಲು ಯಾವುದಾದ್ರೇನು? ಸ್ಟೋರೇಜಿನ್ಯಾಗ ಇಟ್ಟೀನಿ ಅಂತ ತಿಳ್ಕೊ."

"ಮಣೂಕಕ್ಕ ದೀಪಾವಳಿ ಐತಿ. ಮಂದಿ ಲಾಡು ಕಟ್ತಾರ, ಶಿರಾ ಮಾಡ್ತಾರ, ಅದಕ್ಕ ಕೊಳ್ತಾರ. ಇದಕ್ಕ ಯಾವ ಹಬ್ಬ ಐತಿ ಹೇಳು."

"ನಾ ಕೇಳಿದ್ದೂ ಅದನ್ನ" ಎಂದಳು ರುಕ್ಮವ್ವ ಮೂಲೆಯಿಂದ.

"ನನಗ ಇದನ್ನ ಕಲಿಸಿದಾಂವ ನೀನ. ಈಗ ಹೆದರಸಾಂವನೂ ನೀನ" ಎಂದು ಬಾಬಾಸಾಹೇಬ ತಾಟು ಬಿಟ್ಟು ಎದ್ದ. "ಇಪ್ಪತ್ತು ವರ್ಷ ಪಡ ಮಾಡೀನಿ. ದರ ಇಳಿಯೂದು ನಾ ನೋಡದ್ದೇನಲ್ಲ."

ಅದಾದ ಮುಂದಿನ ವಾರ ಅವನು ಊಟಕ್ಕೆ ಮೊಬೈಲ್ ಇಲ್ಲದೆ ಬಂದು ಕೂತ. ಉಜ್ವಲಾಗೆ ಮೊದಲು ಸಮಾಧಾನವಾಯಿತು, ಆಮೇಲೆ ಅನುಮಾನ ಬಂತು. ಎರಡು ತುತ್ತು ಉಂಡು ಅವನು ತಾಯಿಯ ಕಡೆ ತಿರುಗಿದ.

"ಅವ್ವ, ಮಣೂಕ ಈಗ ತೆಗೀಬೇಕಂತ ಮಾಡೀನಿ. ನೀ ಒಮ್ಮಿ ಸ್ಟೋರೇಜಿಗೆ ಬಂದು ಸಹಿ ಹಾಕು."

"ಈಗ್ಯಾಕ? ದೀಪಾವಳಿ ಇನ್ನೂ ದೂರ ಐತಿ."

"ಕಾಯಿನ್ ಇಳದೈತಲ್ಲ, ಇಳದಾಗ ಇನ್ನಷ್ಟು ತಗೋಬೇಕಂತ. ಅಂದ್ರ ನಮಗ ಬಿದ್ದ ದರ ಸರಾಸರಿ ಕಡಿಮಿ ಆಗತೈತಿ. ಸಂಗ್ರಾಮನೂ ಹಂಗ ಮಾಡ್ಯಾನ."

ಉಜ್ವಲಾ ಹಂಚಿನ ಮೇಲೆ ಹಾಕಿದ್ದ ರೊಟ್ಟಿ ಕಪ್ಪಗಾಯಿತು. ಅವಳಿಗೆ ಸಿಟ್ಟು ಬಂತು, ಅಂಗಾಲಿನಿಂದ ನೆತ್ತಿಯವರೆಗೆ ಬಂತು.

"ಮಣೂಕ ಇಳದಾಗ ಮಾರೂದು, ಕಾಯಿನ್ ಇಳದಾಗ ಮಾರದ ಇರೂದು. ಇದ್ಯಾವ ಸೀಮಿ ನ್ಯಾಯಾರೀ?"

"ನಿನಗ ತಿಳಿಯಂಗಿಲ್ಲ ಸುಮ್ನಿರು."

"ನನ್ನ ಗಿರಣಿ?"

"ಗಿರಣಿ ಎಲ್ಲಿ ಓಡಿ ಹೋಗತೈತಿ? ಸಂಕ್ರಾಂತಿಗೆ ಹಾಕೂಣು."

"ಹೋದ ಸಂಕ್ರಾಂತಿಗೂ ಹಿಂಗ ಅಂದಿದ್ರಿ. ಷೆಡ್ಡ ಸಾರಿಸಿ ಸಾರಿಸಿ ನನ್ನ ಕೈ ಸವೀತು."

ಇಬ್ಬರೂ ರುಕ್ಮವ್ವನ ಮುಖ ನೋಡಿದರು. ಸಹಿ ಅವಳದು. ಮುದುಕಿ ನಿಧಾನವಾಗಿ ಮಜ್ಜಿಗೆ ಕುಡಿದು ಮುಗಿಸಿ, ಸೊಂಟದ ಸಂಚಿಯಿಂದ ಮಡಿಚಿದ ನೂರರ ನೋಟೊಂದನ್ನು ತೆಗೆದು ಮಗನ ತಾಟಿನ ಪಕ್ಕದಲ್ಲಿಟ್ಟಳು.

"ಕಣ್ಣಿಲೆ ನೋಡದ ಮಾಲಿಗೆ ನಾ ಹೂಂ ಅನ್ನಂಗಿಲ್ಲ. ಮೊದಲ ನನಗೂ ಅಷ್ಟು ತಗೊಂಡ ಕೊಡು. ಏನೈತಿ ಅದ್ರಾಗ ಅಂತ ನೋಡ್ತೀನಿ."

ಬಾಬಾಸಾಹೇಬ ಖುಷಿಯಿಂದಲೇ ತಾಯಿಗೆ ನೂರು ರೂಪಾಯಿಯ ಕಾಯಿನ್ ಕೊಂಡುಕೊಟ್ಟ. ಉಜ್ವಲಾ ಅಂದು ಮುನಿಸಿಕೊಂಡು ಉಪವಾಸ ಮಲಗಿದಳು. ಅತ್ತೆಯೂ ಆ ಕಡೆ ಸೇರಿದಳಲ್ಲ ಎಂಬುದು ಅವಳ ಸಂಕಟ.

ಆದರೆ ಮುಂದಿನ ದಿನಗಳಲ್ಲಿ ನಡೆದದ್ದನ್ನು ನೋಡಿ ಅವಳಿಗೆ ಮುನಿಸೇ ಮರೆತುಹೋಯಿತು. ಅಂಕಿ ಓದಲು ಬರುತ್ತಿದ್ದ ರುಕ್ಮವ್ವ ಮಗ ಮೊಬೈಲ್ ಕೆಳಗಿಟ್ಟಾಗಲೆಲ್ಲ ಸೆರಗಿನಿಂದ ಬೆರಳು ಒರೆಸಿಕೊಂಡು ಬಂದು, "ನಂದೆಷ್ಟಾಗೇತಿ ನೋಡೂಣು" ಎನ್ನುವಳು. ನೂರಾ ಎರಡು ಆದ ದಿನ ಎಮ್ಮೆಗೆ ಒಂದು ಬೊಗಸೆ ಹಿಂಡಿ ಹೆಚ್ಚು ಹಾಕಿದಳು. ತೊಂಬತ್ತಕ್ಕೆ ಇಳಿದ ದಿನ ಬಾಗಿಲಿಗೆ ಬಂದ ಬಳೆಗಾರನನ್ನು ಕಾರಣವಿಲ್ಲದೆ ಬೈದು ಕಳಿಸಿದಳು. ಒಲೆಯ ಮೇಲೆ ಹಾಲಿಟ್ಟು ದರ ನೋಡಲು ಹೋಗಿ, ಹಾಲೆಲ್ಲ ಉಕ್ಕಿ ಒಲೆ ಆರಿತು. ಐವತ್ತು ವರ್ಷದ ಸಂಸಾರದಲ್ಲಿ ರುಕ್ಮವ್ವನ ಹಾಲು ಉಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಸೊಸೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ರುಕ್ಮವ್ವ ತಾನಾಗಿಯೇ ಮಾತು ತೆಗೆದಳು.

"ನಿಮ್ಮ ಮಾವ ಸಾಂಗಲ್ಯಾಗ ಅರಿಷಿಣ ಮಾರೂವಾಗ ಟವೆಲಿನ ಕೆಳಗ ಬೆರಳು ಹಿಡದು ದರ ಮಾಡ್ತಿದ್ರು. ಮಂದಿಗೆ ಕಾಣತಿದ್ದಿಲ್ಲ. ಆದ್ರ ಆ ಕಡೆ ಒಬ್ಬಾಂವನ ಕೈ ಇರ್ತಿತ್ತು, ಬಿಸಿ ಹತ್ತತಿತ್ತು ಅಂತಿದ್ರು. ಇದ್ರಾಗ ಆ ಕಡೆ ಕೈ ಯಾರದು?"

ಉಜ್ವಲಾ ಯೋಚಿಸಿದಳು. "ನಮ್ಮಂಥಾರದ ಇರಬೇಕ್ರಿ ಅತ್ತಿ. ಯಾವುದೋ ಊರಾಗ ಕೂತು ಮೊಬೈಲ್ ನೋಡಾಕತ್ತಿರ್ತಾರ."

"ಹಂಗಾದ್ರ ಆ ಮನ್ಯಾಗೂ ಒಬ್ಬಾಕಿ ಸೊಸಿ ಸಿಟ್ಟಾಗಿರಬೇಕು" ಎಂದಳು ರುಕ್ಮವ್ವ. ಇಬ್ಬರೂ ನಕ್ಕರು. ಬಹಳ ದಿನದ ಮೇಲೆ ಆ ಪಡಸಾಲೆಯಲ್ಲಿ ನಗೆ ಕೇಳಿಸಿತು.

ನೂರು ಇಳಿದಿಳಿದು ಎಪ್ಪತ್ತರ ಹತ್ತಿರ ಬಂದಾಗ ರುಕ್ಮವ್ವ ಊಟದ ಹೊತ್ತಿಗೆ ತೀರ್ಪು ಕೊಟ್ಟಳು. ಅಂದು ರೋಹನನೂ ಇದ್ದ.

"ಬಾಬು, ನೂರು ರೂಪಾಯಿ ಹಾಕಿ ನಾ ಹಾಲು ಉಕ್ಕಿಸೀನಿ. ನೀ ಕಬ್ಬಿನ ಬಿಲ್ಲು ಹಾಕೀದಿ, ನಿನ್ನ ಅವಸ್ಥಾ ಏನಿರಬೇಕಂತ ತಿಳೀತು. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ."

"ಹಂಗಾದ್ರ ಸಹಿ ಹಾಕ್ತಿ?"

"ಹಾಕ್ತೀನಿ. ಮಣೂಕ ಈಗ ಮಾರೂಣು. ಬಂದ ರೊಕ್ಕ ಗಿರಣಿಗೆ."

ಉಜ್ವಲಾ ತಲೆ ಎತ್ತಿದಳು. ಬಾಬಾಸಾಹೇಬ ತಾಟು ಹಿಂದಕ್ಕೆ ಸರಿಸಿದ.

"ಗಿರಣಿಗಾದ್ರ ಈಗ್ಯಾಕ ಮಾರೂದು? ದರ ಬಿದ್ದೈತಿ. ದೀಪಾವಳಿ ತನಕ ತಡೀಲಿ. ಅಪ್ಪ ಇದ್ದಿದ್ರ..."

"ನಿಮ್ಮಪ್ಪಂದ ಹೇಳ್ತೀನಿ ಕೇಳು" ಎಂದಳು ರುಕ್ಮವ್ವ. "ಕಾದು ಮಾರಿ ಪಡಸಾಲಿ ಕಟ್ಟಿಸಿದ್ದು ಒಂದ ಸಲ. ಅದನ್ನ ಊರಿಗೆಲ್ಲಾ ಹೇಳಿದ್ರು. ಅದಕ್ಕೂ ಮೊದಲ ಎರಡು ಸಲ ಹಂಗ ಕಾದಿದ್ರು. ಒಮ್ಮಿ ಮನ್ಯಾಗಿಟ್ಟ ಮಣೂಕ ಕರ್ರಗಾಗಿ ಹುಳ ಬಿತ್ತು, ತಿಪ್ಪಿಗೆ ಹಾಕಿದ್ವಿ. ಮತ್ತೊಮ್ಮಿ ದರ ಬರಲೇ ಇಲ್ಲ. ನನ್ನ ಬಂಗಾರದ ಬಿಲ್ವಾರ ಮಾರಿ ಪಡದ ಖರ್ಚು ನಡಿಸಿದ್ವಿ. ಅದನ್ನ ಅವ್ರು ಯಾರ ಮುಂದೂ ಆಡಲಿಲ್ಲ. ಗಂಡನ ಮರ್ಯಾದಿ ಅಂತ ನಾನೂ ಆಡಲಿಲ್ಲ. ನೀ ಸಣ್ಣಾಂವ ಇದ್ದಿ."

ಬಾಬಾಸಾಹೇಬ ಪಡಸಾಲೆಯ ಗೋಡೆಯನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಹುಳ ಬಿದ್ದಿತ್ತಾ?" ಎಂದು ಸಣ್ಣ ಧ್ವನಿಯಲ್ಲಿ ಕೇಳಿದ.

"ಮುಟಗಿ ಮುಟಗಿ" ಎಂದಳು ತಾಯಿ.

ಮುಂದಿನ ಹರಾಜಿನ ದಿನ ನಾಲ್ವರೂ ಟೆಂಪೋದಲ್ಲಿ ಪೆಟ್ಟಿಗೆಗಳ ಜೊತೆ ಸಾಂಗಲಿಗೆ ಹೋದರು. ಅವರ ಮಾಲು ಮಾರಿಸಿಕೊಡುವ ಅಡತಿ ಜಿನ್ನಪ್ಪ ಎಂಬ ಹಳೇ ಮನುಷ್ಯ. ಅವನ ಅಂಗಡಿಯ ಮುಂದೆ ಪೆಟ್ಟಿಗೆ ಒಡೆದು ಮಣೂಕವನ್ನು ಅಗಲವಾದ ಪರಾತಕ್ಕೆ ಸುರಿದರು. ಕೊಳ್ಳುವವರು ಬಂದು ಒಂದೆರಡು ಬಾಯಿಗೆ ಹಾಕಿಕೊಂಡು, ಹಸಿರು ಬಣ್ಣ ನೋಡಿ, ಕೂಗುತ್ತ ದರ ಏರಿಸಿದರು. ದರ ಎಲ್ಲಿಯೋ ನಡುವೆ ನಿಂತುಬಿಟ್ಟಿತು. ಒಪ್ಪಿಗೆಯಾದರೆ ಮಾಲು ಕೊಡಬಹುದು, ಇಲ್ಲವಾದರೆ ಪೆಟ್ಟಿಗೆ ಕಟ್ಟಿ ವಾಪಸ್ ಒಯ್ಯಬಹುದು. ಕಡೆಯ ಮಾತು ಯಾವಾಗಲೂ ರೈತನದೇ.

"ಬ್ಯಾಡ್ರಿ, ವಾಪಸ್ ಒಯ್ತೀವಿ" ಎಂದು ಬಾಬಾಸಾಹೇಬ ಅರ್ಧ ಎದ್ದ. ಅವನ ತಂದೆಯೂ ಅಲ್ಲೇ ಹೀಗೇ ಎದ್ದಿರಬೇಕು.

ರುಕ್ಮವ್ವ ಅವನ ಅಂಗಿ ಹಿಡಿದು ಕೂರಿಸಿದಳು. "ಜಿನ್ನಪ್ಪಾ, ನನ್ನ ಕೇಳಬ್ಯಾಡ, ಇವನ್ನೂ ಕೇಳಬ್ಯಾಡ. ಅಕಿನ್ನ ಕೇಳು."

ಜಿನ್ನಪ್ಪ ಕನ್ನಡಕ ಸರಿಮಾಡಿಕೊಂಡು ಉಜ್ವಲಾಳ ಕಡೆ ತಿರುಗಿದ. "ವೈನಿ, ಏನು ಮಾಡೂಣ್ರಿ? ದೀಪಾವಳಿಗೆ ಇನ್ನಷ್ಟು ಬಂದರೂ ಬರಬಹುದು. ಖಾತ್ರಿ ನಾ ಕೊಡಂಗಿಲ್ಲ."

ಮನೆಯಿಂದ ಹೊರಡುವಾಗಲೇ ಉಜ್ವಲಾ ಉತ್ತರ ಕಟ್ಟಿಕೊಂಡು ಬಂದಿದ್ದಳು. ಆದರೆ ಇಷ್ಟು ಜನ ತನ್ನ ಬಾಯಿ ನೋಡುತ್ತ ನಿಂತಾಗ ಆ ಉತ್ತರ ಅಲುಗಾಡತೊಡಗಿತು. ಇನ್ನಷ್ಟು ಬಂದರೆ? ಒಂದು ತಿಂಗಳು ತಡೆದರೆ ಗಿರಣಿಯ ಜೊತೆ ಖಾರ ಕುಟ್ಟುವ ಡಂಕವೂ ಬರಬಹುದಲ್ಲ. ಇಂದು ಮಾರಿ ನಾಳೆ ಏರಿದರೆ ವಸ್ತಿಯ ಹೆಂಗಸರು ಏನೆಂದಾರು? ಇಷ್ಟು ದಿನ ಗಂಡನ ಮೈಯಲ್ಲಿ ಹೊಕ್ಕಿದ್ದ ದೆವ್ವ ಯಾವುದೆಂದು ಅವಳಿಗೆ ಆ ಕ್ಷಣದಲ್ಲಿ ಗೊತ್ತಾಯಿತು. ಅದು ದುರಾಸೆಯೆಂದು ಅವಳು ತಿಳಿದಿದ್ದಳು. ದುರಾಸೆಗಿಂತ ಅದರಲ್ಲಿ ಹೆದರಿಕೆಯೇ ಹೆಚ್ಚಾಗಿತ್ತು.

"ಕೊಟ್ಟೇವ್ರಿ" ಎಂದಳು.

ಸಂಜೆಯೊಳಗೆ ಗಿರಣಿಗೆ ಮುಂಗಡ ಕೊಟ್ಟಾಯಿತು. ಗಿರಣಿ ನೋಡುವಾಗ ಅವಳು ಅದರ ಮೈ ಮುಟ್ಟಿ, ಬೆಲ್ಟು ತಿರುಗಿಸಿ, ಅಂಗಡಿಯವನಿಗೆ ಬೇಸರ ಬರುವಷ್ಟು ಪ್ರಶ್ನೆ ಕೇಳಿದಳು. ಬಾಬಾಸಾಹೇಬ ಹೊರಗೆ ಟೆಂಪೋದ ಹತ್ತಿರವೇ ನಿಂತಿದ್ದ. ಊರಿಗೆ ಮರಳುವಾಗ ಮ್ಹೈಸಾಳ ದಾಟಿ ಚಹಾ ಕುಡಿಯಲು ಟೆಂಪೋ ನಿಲ್ಲಿಸಿದಾಗಲೂ ಕಪ್ಪು ಮುಟ್ಟದೆ ಕೂತ. ಇನ್ನು ಏನೋ ಒಂದು ಜಗಳ ತೆಗೆಯುತ್ತಾನೆ ಎಂದು ಉಜ್ವಲಾ ಮಾತುಗಳನ್ನು ಸಜ್ಜು ಮಾಡಿಟ್ಟುಕೊಂಡಳು.

ಅವನು ಕಿಸೆಯಿಂದ ಮೊಬೈಲ್ ತೆಗೆದು ಮಗನ ಮುಂದೆ ಸರಿಸಿದ.

"ರೋಹನ, ಇದ್ರಾಗ ಮಾರೂದು ಹೆಂಗೋ?"

"ಹೆಂಗ ಅಂದ್ರ?"

"ನೀ ತಗೊಳ್ಳೂದು ಅಷ್ಟ ಕಲಿಸಿದ್ದಿ. ಗಣಪತಿ ಹಬ್ಬ ಆದ ಮ್ಯಾಲ ಒಂದಿನ ಮಾರಬೇಕಂತ ಒತ್ತಿ ನೋಡ್ದೆ. ಅದೇನೋ ನಂಬರ ಕೇಳ್ತು. ತಪ್ಪು ಹಾಕಿದ್ರ ಎಲ್ಲಾ ಹೋದೀತಂತ ಬಂದ್ ಮಾಡಿಟ್ಟೆ."

"ನನ್ನ ಕೇಳಬಾರದಿತ್ತಾ ಅಪ್ಪಾ? ಒಂದ ಫೋನ್ ಮಾಡಿದ್ರ ಹೇಳ್ತಿದ್ದೆ."

"ಇಳದಾಗ ಮಾರೂ ಮಂದಿ ಅಲ್ಲ ಅಂತ ನಿನಗ ಹೇಳಿ ಕೂತಿದ್ದೆ. ಮತ್ತ ಯಾವ ಬಾಯಿಲೆ ಕೇಳ್ಲಿ?" ಬಾಬಾಸಾಹೇಬ ಕಪ್ಪಿನ ಅಂಚು ನೋಡುತ್ತ ಹೇಳಿದ. "ಮಾರಾಕ ಬರಲಿಲ್ಲ. ಅದಕ್ಕ ಇನ್ನಷ್ಟು ತಗೋಬೇಕಂತ ಮಾಡ್ದೆ. ತಗೊಳ್ಳೂದೊಂದ ಬರ್ತಿತ್ತು ನನಗ."

ಉಜ್ವಲಾ ಸಜ್ಜು ಮಾಡಿಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಕರಗಿದವು. ಅವಳಿಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಎರಡನ್ನೂ ನುಂಗಿಕೊಂಡು ತನ್ನ ಕುರ್ಚಿಯನ್ನು ಗಂಡನ ಪಕ್ಕಕ್ಕೆ ಎಳೆದುಕೊಂಡಳು.

"ತೋರ್ಸೋ ರೋಹನ. ನಿಧಾನಕ ತೋರ್ಸು. ನಾನೂ ಕಲೀತೀನಿ" ಎಂದು ಗಂಡನ ಭುಜಕ್ಕೆ ಭುಜ ತಾಗಿಸಿ ಮೊಬೈಲಿನ ಮೇಲೆ ಬಾಗಿದಳು.